ಆಟಿಸಂ ಥೆರಪಿ ತಾಲ್ಲೂಕಿಗೂ ಬರಲಿ

ಮಾನ್ಯರೇ,

ಪ್ರತಿ ವರ್ಷ ಏಪ್ರಿಲ್ 2ರಂದು, ವಿಶ್ವ ಆಟಿಸಂ ಜಾಗೃತಿ ದಿನದ ನಿಮಿತ್ತ, ಮಕ್ಕಳ ಮಾತು, ಒಡನಾಟಗಳ ಬೆಳವಣಿಗೆಯಲ್ಲಿ ತೊಡಕು ತರುವ ಈ ಸಮಸ್ಯೆಯನ್ನು ಬೇಗ ಗುರುತಿಸಿ ಎಂಬ ಕರೆ ಎಲ್ಲೆಡೆ ಕೇಳಿಬರುತ್ತದೆ. ಗುರುತಿಸಿದ ಮರುದಿನದಿಂದ ಆ ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆಗೆ ಮಾತ್ರ ನಮ್ಮಂಥ ಸಣ್ಣ ಊರುಗಳಲ್ಲಿ ಉತ್ತರ ಸಿಗುವುದಿಲ್ಲ. ಆಟಿಸಂ ಇರುವ ಐದು ವರ್ಷದ ಹುಡುಗನ ಅಜ್ಜನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷ ತುಂಬಿದರೂ ಮೊಮ್ಮಗ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯನ್ನು ಒಂದೊಂದಾಗಿ ಆಯ್ದು ಜಗುಲಿಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಯಾರಾದರೂ ಒಂದನ್ನು ಸರಿಸಿದರೆ ಅರ್ಧ ಗಂಟೆಯಾದರೂ ಅಳು ನಿಲ್ಲುತ್ತಿರಲಿಲ್ಲ. ಕುಕ್ಕರ್ ಕೂಗಿದರೆ ಎರಡೂ ಕಿವಿ ಮುಚ್ಚಿಕೊಳ್ಳುವ ಹುಡುಗನಿಗೆ ಕಿವಿಯೇ ಕೇಳಿಸುವುದಿಲ್ಲವೇನೋ ಎಂದು ನಾವು ಅನುಮಾನಪಟ್ಟಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಗಂಡುಮಕ್ಕಳಿಗೆ ಮಾತು ತಡ ಎಂದು ಹಿರಿಯರು ಸಮಾಧಾನ ಹೇಳಿದರು (ಹಾಗೆ ಹೇಳಿದವರಲ್ಲಿ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನೂ ಒಬ್ಬ), ನಾಲಿಗೆಗೆ ಬಜೆ ತೇಯ್ದು ಸವರಿದೆವು, ಹರಕೆ ಹೊತ್ತೆವು. ಹೀಗೆ ಒಂದೂವರೆ ವರ್ಷ ಕಳೆದುಹೋಯಿತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು; ತಪಾಸಣೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ನಮ್ಮ ಹುಡುಗನ ತೂಕ, ಎತ್ತರಗಳು ತಪ್ಪದೆ ದಾಖಲಾಗಿವೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ, ಓರಗೆಯ ಮಕ್ಕಳೊಡನೆ ಆಡುತ್ತಾನೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಹತ್ತಾರು ಕೆಲಸ ಹೊತ್ತ ಅಂಗನವಾಡಿ ಕಾರ್ಯಕರ್ತೆಯನ್ನು ಇದಕ್ಕಾಗಿ ದೂರುವುದು ಅನ್ಯಾಯ. ಇಂಥ ನಾಲ್ಕು ಪ್ರಶ್ನೆ ಕೇಳುವುದನ್ನು ಅವರಿಗೆ ಯಾರಾದರೂ ಕಲಿಸಬೇಕಿತ್ತು.

ಕೊನೆಗೆ ಆಟಿಸಂ ಎಂದು ಗೊತ್ತಾದಾಗ ಜಿಲ್ಲಾ ಆಸ್ಪತ್ರೆಯಲ್ಲಿರುವ, ಡಿಇಐಸಿ ಎಂದು ಕರೆಯುವ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಿದರು. ಎಪ್ಪತ್ತು ಕಿಲೋಮೀಟರ್, ಎರಡು ಬಸ್ಸು, ಮುಕ್ಕಾಲು ಗಂಟೆಯ ಥೆರಪಿಗೆ ಸೊಸೆಯ ಒಂದು ದಿನದ ಕೂಲಿ. ನಮ್ಮ ಸರದಿ ಬರುತ್ತಿದ್ದುದು ತಿಂಗಳಿಗೊಮ್ಮೆ. ಆಟಿಸಂ ಗುಣಪಡಿಸುವ ಮಾತ್ರೆಯಿಲ್ಲ. ಮಗು ಕಲಿಯುವುದು ದಿನನಿತ್ಯದ ಅಭ್ಯಾಸದಿಂದ. ತಿಂಗಳಿಗೊಂದು ಸಲ ಶಾಲೆಗೆ ಬಂದ ಹುಡುಗನಿಗೆ ನಾನು ಅಕ್ಷರ ಕಲಿಸಲಾರೆ.

ಆದರೂ ಅಲ್ಲಿನ ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟ ಒಂದು ಉಪಾಯ ಮನೆಯಲ್ಲಿ ಕೆಲಸ ಮಾಡಿತು. ಅವನಿಗೆ ಪ್ರಿಯವಾದ ಚಕ್ಕುಲಿಯನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಕಣ್ಣಿಗೆ ಕಾಣುವಂತೆ ಆದರೆ ಕೈಗೆ ಎಟುಕದಂತೆ ಇಟ್ಟು, ಹತ್ತು ಎಣಿಸುವವರೆಗೆ ಸುಮ್ಮನೆ ಕಾಯಬೇಕು. ಮೊದಮೊದಲು ನಮ್ಮ ಕೈಯನ್ನೇ ಹಿಡಿದೆಳೆದು ಡಬ್ಬಿಯತ್ತ ಒಯ್ಯುತ್ತಿದ್ದವನು ನಾಲ್ಕು ತಿಂಗಳಲ್ಲಿ ಬೆರಳು ಮಾಡಿದ, ಆಮೇಲೆ ಬೆರಳು ಮಾಡಿ ತಾಯಿಯ ಮುಖ ನೋಡಿದ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಾಯಂದಿರನ್ನೂ ಜೊತೆಗೆ ಕೂರಿಸಿಕೊಂಡು ಕಲಿಸುವ ಪದ್ಧತಿ ಬಹಳ ಹಿಂದಿನಿಂದ ಇದೆ. ಆದರೆ ಮೈಸೂರಿನಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡಿರಲು ಎಷ್ಟು ಕುಟುಂಬಗಳಿಗೆ ಸಾಧ್ಯ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಅಂಗವೈಕಲ್ಯಗಳಲ್ಲಿ ಒಂದೆಂದು ಪರಿಗಣಿಸಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ. ಹಣ ಕೊಡುವವರಿದ್ದರೂ ಥೆರಪಿ ಕೊಡುವವರು ಸಮೀಪದಲ್ಲಿಲ್ಲದಿದ್ದರೆ ಆ ವಿಮೆ ಯಾವ ಉಪಯೋಗಕ್ಕೆ? ಆರೋಗ್ಯ ಇಲಾಖೆಯು ಡಿಇಐಸಿಯ ಸ್ಪೀಚ್ ಮತ್ತು (ದಿನನಿತ್ಯದ ಕೆಲಸಗಳ ಅಭ್ಯಾಸ ಮಾಡಿಸುವ) ಆಕ್ಯುಪೇಷನಲ್ ಥೆರಪಿಸ್ಟರನ್ನು ವಾರಕ್ಕೆ ಎರಡು ದಿನವಾದರೂ ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸಿ, ಅಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ತರಬೇತಿ ಕೊಡಿಸಬೇಕು. ಅದಕ್ಕೆ ಯಂತ್ರೋಪಕರಣ ಬೇಕಿಲ್ಲ. ಒಂದು ಚಾಪೆ, ಒಂದಿಷ್ಟು ಆಟಿಕೆ, ಗದ್ದಲವಿಲ್ಲದ ಒಂದು ಕೋಣೆ ಸಾಕು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಗಳಿಂದ ಬೀಗ ಹಾಕಿದ ಕೋಣೆಗಳು ಎರಡಿವೆ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ