ಪುಣ್ಯಕೋಟಿಯ ಕರುವಿಗೆ

ಪ್ರೀತಿಯ ದೋಸ್ತ,

ನಾಲ್ಕು ಮಂದಿ ಓದುವ ಜಾಗದಲ್ಲಿ ಇದನ್ನು ಹಾಕುತ್ತಿದ್ದೇನೆ. ಹಾಗಾಗಿ ನಿನ್ನ ಹೆಸರು ಬರೆಯುವುದಿಲ್ಲ. ಧಾರವಾಡದ ಮಾಳಮಡ್ಡಿಯ ಓಣಿ, ನಿಮ್ಮ ಮನೆಯ ಪಡಸಾಲೆ, ಗೂಡಿನಲ್ಲಿಟ್ಟ ರೇಡಿಯೊ. ನಿನಗೆ ಇಷ್ಟು ಸಾಕು ಅಲ್ವಾ?

ಮೊನ್ನೆ ಮೊಮ್ಮಗಳು ಫೋನಿನಲ್ಲಿ 'ಬ್ಯಾಂಬಿ' ಹಚ್ಚಿಕೊಂಡು ಕೂತಿದ್ದಳು. ಡಿಸ್ನಿಯವರ ಕಾರ್ಟೂನ್ ಸಿನಿಮಾ, 1942ರದು. ಅದರಲ್ಲಿ ಜಿಂಕೆಮರಿಯ ತಾಯಿ ಬೇಟೆಗಾರರ ಗುಂಡಿಗೆ ಸಾಯುತ್ತದೆ. ಮರಿ ಹಿಮದಲ್ಲಿ ತಾಯಿಯನ್ನು ಕೂಗುತ್ತಾ ಅಲೆಯುತ್ತದೆ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಚಿತ್ರ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ನಿಂತಲ್ಲೇ ನಿಂತುಬಿಟ್ಟೆ. ನಲವತ್ತು ವರ್ಷದ ಹಿಂದೆ ನಮ್ಮ ರೇಡಿಯೊದಲ್ಲಿ ಹಾಗೇ ಕೂಗಿದವನು ನೀನು.

ಆ ಮರಿಯ ದನಿ ಯಾರದು ಅಂತ ಹುಡುಕಿದೆ. ಡಾನಿ ಡನಗನ್ ಅಂತ. 1934ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದವನು, ಬಡವರ ಮನೆಯ ಹುಡುಗ. ಮೂರೂವರೆ ವರ್ಷಕ್ಕೇ ಮೆಂಫಿಸ್ ಊರಿನ ಒಂದು ಸ್ಪರ್ಧೆಯಲ್ಲಿ ಕುಣಿದು 100 ಡಾಲರ್ ಗೆದ್ದ. ಅಲ್ಲಿಂದ ಹಾಲಿವುಡ್. ಬ್ಯಾಂಬಿಗೆ ಬರೀ ದನಿ ಕೊಡಲಿಲ್ಲ, ಚಿತ್ರ ಬರೆಯುವವರು ಇವನ ಮುಖ ನೋಡಿ ನೋಡಿ ಮರಿಯ ಮುಖ ತಿದ್ದಿದರಂತೆ. ಮರಿ ದೊಡ್ಡದಾದ ಮೇಲೆ ಬರುವ ದನಿ ಬೇರೆಯವರದು. ಇವನ ಸಿನಿಮಾ ಅಲ್ಲಿಗೇ ಮುಗಿಯಿತು.

ಮುಂದಿನದು ಕೇಳು. 18ಕ್ಕೆ ಮರೀನ್ ಸೇನೆ ಸೇರಿದ. ಹೊಸಬರಿಗೆ ಕವಾಯತು ಕಲಿಸಿದ, ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ, 25 ವರ್ಷ ದುಡಿದು 1977ರಲ್ಲಿ ಮೇಜರ್ ಆಗಿ ನಿವೃತ್ತನಾದ. ಅಷ್ಟೂ ವರ್ಷ ಸೇನೆಯಲ್ಲಿ ಯಾರಿಗೂ ಬ್ಯಾಂಬಿಯ ವಿಷಯ ಬಾಯಿಬಿಡಲಿಲ್ಲ. 'ಮೇಜರ್ ಬ್ಯಾಂಬಿ' ಅಂತ ಅಡ್ಡಹೆಸರು ಇಟ್ಟುಬಿಟ್ಟಾರು ಅನ್ನೋ ಅಂಜಿಕೆ. ಗುಂಡಿಗೆ ಅಂಜದವನು ಒಂದು ಅಡ್ಡಹೆಸರಿಗೆ ಅಂಜಿದ್ದ.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆ ಅಂತ ನಿನಗೆ ಗೊತ್ತು.

ನಿಮ್ಮ ಅಪ್ಪನಿಗೆ ಧಾರವಾಡ ಆಕಾಶವಾಣಿ ಅಂದರೆ ಗುಡಿ ಇದ್ದಂತೆ. 1950ರ ಜನವರಿ 8ರಂದು ನಿಲಯ ಶುರುವಾಯಿತು ಅಂತ ಹಬ್ಬದ ತಿಥಿಯಂತೆ ಹೇಳುತ್ತಿದ್ದರು. ಸಾಹಿತಿ ಎನ್ಕೆಯವರಂಥವರು ಕೆಲಸ ಮಾಡಿದ ಜಾಗ ಅದು, ಅಲ್ಲಿ ಕೆಮ್ಮುವುದಕ್ಕೂ ಮರ್ಯಾದೆ ಬೇಕು ಅನ್ನುತ್ತಿದ್ದರು. ಪುಣ್ಯಕೋಟಿ ನಾಟಕದಲ್ಲಿ ಕರುವಿನ ಪಾತ್ರಕ್ಕೆ ನಿನ್ನನ್ನು ಆರಿಸಿದಾಗ ಕಾಕಾ ನನ್ನನ್ನೂ ಕರೆದುಕೊಂಡು ಹೋದರು. ನಮಗೆ ಆಗ ಹನ್ನೊಂದು ವರ್ಷ.

ನನಗೆ ಎಲ್ಲಾ ನೆನಪಿದೆ. ಸಣ್ಣ ಸಣ್ಣ ತೂತಿನ ಗೋಡೆ. ಒಳಗೆ ಹೋದರೆ ಕಿವಿಯಲ್ಲಿ ಹತ್ತಿ ತುರುಕಿದಂತೆ ಆಗಿತ್ತು. ಗಾಜಿನ ಆಚೆ ದೊಡ್ಡ ಸ್ಪೂಲ್ ಟೇಪ್ ಸುತ್ತುತ್ತಿತ್ತು. ಹಾಳೆ ಸದ್ದಾಗಬಾರದು ಅಂತ ಪಿನ್ ಬಿಚ್ಚಿ ಒಂದೊಂದೇ ಹಾಳೆ ಕೈಗೆ ಕೊಟ್ಟರು. ಮೈಕು ಎಟುಕಲಿಲ್ಲ, ನಿನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಕೆಂಪು ದೀಪ ಹತ್ತಿತು. ತಾಯಿ ಹುಲಿಯ ಹತ್ತಿರ ವಾಪಸ್ ಹೊರಟಿದ್ದಾಳೆ ಅಂತ ಕರುವಿಗೆ ಗೊತ್ತಾಗುವ ಜಾಗ. ಹಾಳೆಯಲ್ಲಿ ಇದ್ದದ್ದು 'ಅಮ್ಮಾ' ಅಂತ. ನೀನು 'ಅವ್ವಾ' ಅಂದೆ. ಮನೆಯಲ್ಲಿ ಕರೆಯುವ ಹಾಗೇ. ಯಾರೂ ಟೇಪ್ ನಿಲ್ಲಿಸಲಿಲ್ಲ. ಪುಣ್ಯಕೋಟಿಯ ಪಾತ್ರದ ಬಾಯಾರು ಮುಂದಿನ ಮಾತು ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ಪ್ರಸಾರದ ದಿನ ಓಣಿಯ ಅರ್ಧ ಮಂದಿ ನಿಮ್ಮ ಪಡಸಾಲೆಯಲ್ಲಿದ್ದರು. ನಿಮ್ಮ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಮರುದಿನ ಶಾಲೆಯಲ್ಲಿ "ಏ ಕರಾ, ಅಂಬಾ ಅನ್ನಲೇ" ಅಂತ ಮೊದಲು ಕೂಗಿದವನು ನಾನು. ಬೇರೆಯವರು ಆಮೇಲೆ ಸೇರಿಕೊಂಡರು. ನೀನು ಮತ್ತೆ ನಾಲ್ಕೈದು ನಾಟಕ ಮಾಡಿದೆ, ಆದರೆ ಯಾವತ್ತು ಪ್ರಸಾರ ಅಂತ ನಮಗೆ ಹೇಳುವುದನ್ನು ಬಿಟ್ಟೆ. ಹದಿಮೂರಕ್ಕೆ ದನಿ ಒಡೆಯಿತು. ಆ ವಯಸ್ಸಿಗೆ ಗಂಡುಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ದನಿ ಹೆಚ್ಚುಕಡಿಮೆ ಒಂದು ಸಪ್ತಕ ಕೆಳಗಿಳಿಯುತ್ತದೆ. ಎಲ್ಲರಿಗೂ ಆಗುವುದೇ. ಆದರೆ ನಿನಗೆ ಅದು ಕೆಲಸ ಹೋದಂತೆ ಆಗಿರಬೇಕು. ಆಗಲೂ ನಾವು "ಕರ ಹೋಗಿ ಕೋಣ ಬಂತು" ಅಂತ ನಕ್ಕೆವು. ನಿನ್ನ ದನಿ ಒಡೆದದ್ದು ವಯಸ್ಸಿನಿಂದ. ಆಮೇಲೆ ಅದರ ಮಾತೇ ಎತ್ತದಂತೆ ಮಾಡಿದ್ದು ನಾವು. ಹೆಚ್ಚಾಗಿ ನಾನು.

ನಿನ್ನ ಮದುವೆಯಲ್ಲಿ ಯಾರೋ ರೇಡಿಯೊ ನಾಟಕದ ಮಾತು ತೆಗೆದರು. ನೀನು ಸುಮ್ನೆ ಎದ್ದು ನೀರು ತರಲು ಹೋದೆ. ಆವತ್ತೇ ನಿನ್ನ ಹಿಂದೆ ಬಂದು ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ. ನನ್ನಿಂದ ತಪ್ಪಾಯಿತು, ದೋಸ್ತ.

ಡನಗನ್ ಗುಟ್ಟು ಹೇಗೋ ಒಬ್ಬ ಜನರಲ್‌ಗೆ ಗೊತ್ತಾಗಿ, ಒಮ್ಮೆ ಎದುರಿಗೇ 'ಮೇಜರ್ ಬ್ಯಾಂಬಿ' ಅಂದುಬಿಟ್ಟರಂತೆ. ಆದರೆ ವಯಸ್ಸಾದ ಮೇಲೆ ಅವನೇ ಎಲ್ಲವನ್ನೂ ಖುಷಿಯಿಂದ ಹೇಳಿಕೊಂಡಿದ್ದಾನೆ. ಬ್ಯಾಂಬಿಯ ದನಿ ಇವರದು ಅಂತ ಜನ ಗುರುತಿಸಿದರೆ ಅವನಿಗೆ ಹಿಗ್ಗು.

ಅವನ ದನಿ ಸಿನಿಮಾದಲ್ಲಿ ಉಳಿದಿದೆ. ನಿನ್ನದು ನಮ್ಮ ಹತ್ತಿರ ಇಲ್ಲ, ಆಗ ಓಣಿಯಲ್ಲಿ ಯಾರ ಮನೆಯಲ್ಲೂ ಟೇಪ್ ರೆಕಾರ್ಡರ್ ಇರಲಿಲ್ಲ. ಕಾಕಾ ಇಲ್ಲ, ನಿಮ್ಮ ಅವ್ವನೂ ಇಲ್ಲ. ಆ 'ಅವ್ವಾ' ಆ ಕೋಣೆಯಲ್ಲಿ ಹೇಗೆ ಕೇಳಿಸಿತು ಅಂತ ಹೇಳಬಲ್ಲವನು ಇನ್ನು ನಾನೊಬ್ಬನೇ ಇರಬೇಕು. ನಿನ್ನ ಮಗಳಿಗೆ ಇದು ಗೊತ್ತೇ ಇಲ್ಲ ಅಂತ ಮೊನ್ನೆ ಅವಳ ಮಾತಿನಿಂದ ತಿಳಿಯಿತು.

ರವಿವಾರ ಹುಬ್ಬಳ್ಳಿಯಿಂದ ಬರುತ್ತೇನೆ. ಅವಳ ಮುಂದೆ ಹೇಳಲಾ? ಸ್ಟೂಲು, ಕೆಂಪು ದೀಪ, ಎಲ್ಲಾ. ಶಾಲೆಯಲ್ಲಿ ನಾನು ಮಾಡಿದ್ದನ್ನೂ ಬಿಡುವುದಿಲ್ಲ. ನೀನು ಬೇಡ ಅಂದರೆ ಹೇಳುವುದಿಲ್ಲ. ಆದರೆ ಮೆಸೇಜ್ ಹಾಕಬೇಡ, ಫೋನ್ ಮಾಡಿ ಹೇಳು. ನಿನ್ನ ದನಿ ಕೇಳಿ ಬಹಳ ದಿನ ಆಯಿತು.

ನಿನ್ನ ಓಣಿಯ ಗೆಳೆಯ