ಸೆಸ್ ಕಟ್ಟಿದ್ದೇವೆ, ಲೈಬ್ರರಿ ಎಲ್ಲಿ?

ಮಾನ್ಯ ಸಂಪಾದಕರೇ,

ನಮ್ಮದು ಕೋಲಾರ ಜಿಲ್ಲೆಯ ಒಂದು ಸಣ್ಣ ಊರು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆಯಲ್ಲ ಅಂತ ಬೇಗ ಹೋಗಿ ಮನೆ ಕಂದಾಯ ಕಟ್ಟಿ ಬಂದೆ. ಹೋದ ವರ್ಷಕ್ಕಿಂತ ಜಾಸ್ತಿ ಬಂದಿತ್ತು. ಆಸ್ತಿಗೆ ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ದರ ಏರಿದರೆ ತೆರಿಗೆಯೂ ಏರುತ್ತದೆ, ಅದು ಗೊತ್ತು, ಅದಕ್ಕೆ ತಕರಾರಿಲ್ಲ.

ಮನೆಗೆ ಬಂದು ರಸೀದಿ ನೋಡಿದೆ. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3, ಅಂದರೆ ನೂರು ರೂಪಾಯಿ ತೆರಿಗೆಗೆ ಇನ್ನೂ 24 ರೂಪಾಯಿ ಸೇರಿಸಿ ಕೊಟ್ಟಿದ್ದೇನೆ, ಆದರೆ ನಮ್ಮೂರ ಲೈಬ್ರರಿಗೆ ಬೀಗ ಬಿದ್ದು ಎಷ್ಟು ಕಾಲವಾಯಿತೋ, ಬಾಗಿಲ ಮುಂದೆ ಈಗ ಟೊಮೆಟೊ ಕ್ರೇಟ್ ಜೋಡಿಸಿಟ್ಟಿದ್ದಾರೆ. ಕೋಲಾರ ಅಲ್ವಾ! ಸೆಸ್ ಹಣ ಆಯಾ ಇಲಾಖೆಗೆ ಹೋಗಬೇಕು ಅನ್ನುವುದು ನಿಯಮ. ನಮ್ಮದು ಹೋಯಿತೋ ಇಲ್ಲವೋ ಅಂತ ಕೌಂಟರಿನಲ್ಲಿ ಕೇಳಿದರೆ, 'ಮೇಲಿನವರನ್ನು ಕೇಳಿ ಸಾರ್' ಅಂದರು.

ಚರಂಡಿಯದು ಇನ್ನೊಂದು ಕಥೆ. ನಮ್ಮ ಬೀದಿಯ ಚರಂಡಿ ಹೂಳು ತುಂಬಿ ಮಳೆ ಬಂದಾಗ ನೀರು ಹೊಸ್ತಿಲಿಗೇ ಬರುತ್ತದೆ, ಆದರೆ ಮುಖ್ಯ ರಸ್ತೆಯಲ್ಲಿ ಚೆನ್ನಾಗಿದ್ದ ಟೈಲ್ಸ್ ಕಿತ್ತು ಸುಮ್ನೆ ಹೊಸ ಟೈಲ್ಸ್ ಹಾಕಿದರು. ಯಾವ ಸಭೆಯಲ್ಲಿ ತೀರ್ಮಾನವಾಯಿತೋ, ನಮಗಂತೂ ಗೊತ್ತಾಗಲಿಲ್ಲ.

ಬೀದಿಬೀದಿಗೆ ಎಷ್ಟು ತೆರಿಗೆ ಬಂತು, ಎಷ್ಟು ಖರ್ಚಾಯಿತು ಅಂತ ಪುರಸಭೆ ಬಾಗಿಲಲ್ಲಿ ಒಂದು ಬೋರ್ಡ್ ಬರೆದು ಹಾಕಲಿ. ತೆರಿಗೆ ಕಟ್ಟದೆ ಜೂನ್ ದಾಟಿದರೆ ನಮಗೆ ತಿಂಗಳಿಗೆ ಶೇ 2 ದಂಡ ಹಾಕುತ್ತಾರಲ್ಲ, ಬೋರ್ಡ್ ತಡವಾದರೆ ಅವರಿಗೆಷ್ಟು?

— ಒಬ್ಬ ತೆರಿಗೆದಾರ, ಕೋಲಾರ ಜಿಲ್ಲೆ