ಕತ್ತಿಯ ಜೋಡಿಯ ಬಗ್ಗೆ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ತುಂಬ ಗಿಡಗಳ ಸಮೀಕ್ಷೆಗೆ ಕಾಡಿಗೆ ಒಯ್ಯುವ ಕತ್ತಿಗಳದೇ ವಿಚಾರ, ಕೊಳ್ಳಲು ಒಂದು ಪಟ್ಟಿ: ಅಲಗಿನ ಉದ್ದ, ಬೆನ್ನಿನ ದಪ್ಪ, ಉಕ್ಕಿನ ಜಾತಿ, ಬೆಲೆ. ಅದರ ನಡುವೆ ಒಂದು ಸಾಲು ಬರೆದಿದ್ದೀಯ: ‘ಕೈ ಜಾರಿ ಪೆಟ್ಟಾದರೆ, ಕೂಗಿದರೂ ಯಾರಿಗೂ ಕೇಳದ ಜಾಗದಲ್ಲಿ ಇರುತ್ತೇನೆ ಅತ್ತೆ.’ ಬರೆದವಳೇ ಮುಂದಿನ ಸಾಲಿನಲ್ಲಿ ಹಿಡಿಯ ಬಣ್ಣದ ಮಾತಿಗೆ ಹೋಗಿಬಿಟ್ಟೆ. ನನಗೆ ಅದನ್ನು ದಾಟಿ ಮುಂದೆ ಓದಲು ಆಗಲಿಲ್ಲ.

ನಿನ್ನ ಅಪ್ಪನ ಮೊಣಕಾಲಿನ ಕೆಳಗಿರುವ ಗಾಯದ ಗುರುತಿನ ಕತೆ ನಿಮಗೆಲ್ಲ ಗೊತ್ತು. ಅವನು ನಿಮಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ, ಆಷಾಢದ ಮಳೆಯಲ್ಲಿ ಕತ್ತಿ ಕಾಲಿಗೆ ಬಿದ್ದಾಗ ಅವನು ಎರಡು ಸಲ ಕೂಗಿ ಸುಮ್ಮನಾದನಂತೆ. ರಕ್ತ ಕಂಡು ಅಷ್ಟು ಹೆದರಲಿಲ್ಲ, ನನ್ನ ದನಿ ಮಳೆಯಲ್ಲಿ ನನಗೇ ಕೇಳಿಸದಿದ್ದಾಗ ಹೆದರಿದೆ ಎಂದು ಎಷ್ಟೋ ವರ್ಷದ ಮೇಲೆ ಹಿತ್ತಿಲ ಜಗುಲಿಯಲ್ಲಿ ಕುಳಿತು ಹೇಳಿದ. ಈಗ ನೀನು ಅದನ್ನೇ ಬರೆದಿದ್ದೀಯ, ಅಪ್ಪನ ಬಾಯಿಂದ ಕೇಳದೆಯೇ. ಆ ದಿನ ಅವನ ಜೊತೆ ಹೋಗುತ್ತೇನೆ ಎಂದು ನಾನು ಹೊರಟಿದ್ದೆ. ಹೆಣ್ಣುಮಕ್ಕಳಿಗೆ ಬೆಟ್ಟದಲ್ಲಿ ಏನು ಕೆಲಸ ಎಂದು ಹಿರಿಯರು ತಡೆದರು. ಆ ಮಾತು ಇವತ್ತಿಗೂ ನನ್ನೊಳಗೆ ಕೊರೆಯುತ್ತದೆ.

ಕತ್ತಿಯ ವಿಚಾರಕ್ಕೆ ಬರುತ್ತೇನೆ. ನಿನ್ನಷ್ಟು ಓದಿಕೊಂಡವಳಲ್ಲ ನಾನು, ಸರಿ ಕಂಡಷ್ಟನ್ನು ಇಟ್ಟುಕೋ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಆರಿಂಚಿನವೇ ಎರಡನ್ನು ಆರಿಸಿದ್ದೀಯ. ಅದು ಜೋಡಿಯಲ್ಲ, ಒಂದೇ ಕತ್ತಿಯನ್ನು ಎರಡು ಸಲ ಕೊಂಡ ಹಾಗೆ. ಕೊಡವರನ್ನು ನೋಡು: ಸೊಂಟದ ಹಿಂದೆ ಅಗಲದ ಒಡಿಕತ್ತಿ, ಮುಂದೆ ಸಣ್ಣ ಪೀಚೆಕತ್ತಿ. ನೇಪಾಳದ ಖುಕುರಿಯ ಒರೆಯಲ್ಲೇ ಕರ್ದಾ ಎಂಬ ಪುಟ್ಟ ಚೂರಿ ಇರುತ್ತದೆ. ಪಕ್ಕದಲ್ಲಿ ಚಕ್ಮಕ್ ಎಂಬ ಮೊಂಡು ಉಕ್ಕು, ಅಲಗಿನ ಬಾಯಿಯನ್ನು, ಅಂದರೆ ಹರಿತದ ಅಂಚನ್ನು, ನೇರ ಮಾಡಿಕೊಳ್ಳಲು, ಕಿಡಿ ಹೊಡೆಯಲು. ಕಡಿಯುವುದಕ್ಕೆ ಒಂದು, ಕೊಯ್ಯುವುದಕ್ಕೆ ಒಂದು.

ನಿನ್ನ ಭಯಕ್ಕೂ ಇದಕ್ಕೂ ನೇರ ಸಂಬಂಧವಿದೆ. ಕೈ ಸುಮ್ಮನೆ ಜಾರುವುದು ಕಡಿಮೆ. ಸಣ್ಣದರಿಂದ ದೊಡ್ಡದರ ಕೆಲಸ ಮಾಡಿಸುವಾಗ ಮೈಭಾರವನ್ನೆಲ್ಲ ಹಾಕಿ ಒತ್ತುತ್ತೇವೆ, ಕೊಂಬೆ ತಟ್ಟನೆ ತುಂಡಾಗುತ್ತದೆ, ಅಲಗು ನಿಲ್ಲದೆ ಮುಂದಕ್ಕೆ ಬರುತ್ತದೆ. ದೊಡ್ಡದರಿಂದ ಹುರಿ ಕೊಯ್ಯಲು, ಗಿಡದ ಮಾದರಿಯ ತೊಟ್ಟು ಬಿಡಿಸಲು ಹೋದಾಗ ಎಡಗೈ ಬೆರಳು ಬಾಯಿಯ ಹತ್ತಿರವೇ ಇರುತ್ತದೆ. ಎರಡೂ ಇದ್ದು, ಎರಡೂ ಬೇರೆಬೇರೆ ಆಗಿದ್ದರೆ ಈ ಅಪಾಯ ಅರ್ಧಕ್ಕೆ ಇಳಿಯುತ್ತದೆ.

ಚಿಕ್ಕದಕ್ಕೆ ನಿನ್ನ ಪಟ್ಟಿಯ ಕೊನೆಯಲ್ಲಿರುವ ಸ್ವೀಡನ್ನಿನ ಮೋರಾ ಚೂರಿ ಸಾಕು. ನಾಲ್ಕಿಂಚಿನ ಆಸುಪಾಸಿನ ತೆಳು ಅಲಗು, ಅಗಲವಾದ ಓರೆ, ಅಂದರೆ ಬಾಯಿಯ ಕಡೆಗೆ ಇಳಿಜಾರಾದ ಮುಖ. ಆ ಓರೆಯನ್ನೇ ಕಲ್ಲಿನ ಮೇಲೆ ಮಲಗಿಸಿ ಮಸೆದರೆ ಕೋನ ತಪ್ಪುವುದಿಲ್ಲ. ತುಕ್ಕು ಹಿಡಿಯದ ಉಕ್ಕಿನದನ್ನೇ ತೆಗೆದುಕೋ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ತಿರುಗುವವಳು ನೀನು. ಚರ್ಮದ ಒರೆಯೂ ಬೇಡ, ಮಳೆಗಾಲದಲ್ಲಿ ನೀರು ಹೀರಿ ಬೂಸ್ಟು ಹಿಡಿಯುತ್ತದೆ, ಒಳಗಿನ ಅಲಗನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ ಒರೆ ನೋಡಲು ಚೆನ್ನಾಗಿಲ್ಲ ಎಂದಿದ್ದೀಯ. ಇರಲಿ ಬಿಡು.

ದೊಡ್ಡದನ್ನು ಮಾತ್ರ ಪಟ್ಟಿಯಿಂದ ಆರಿಸಬೇಡ, ನಮ್ಮ ಕಡೆಯ ಕತ್ತಿಯನ್ನೇ ಮಾಡಿಸು. ಮೂತಿ ಬಾಗಿರುವುದರಿಂದ ಮುಳ್ಳುಬಳ್ಳಿಯನ್ನು ಕೈ ತಾಗಿಸದೆ ಎಳೆದು ಕೊಯ್ಯಬಹುದು. ತೂಕ ಮುಂದೆ ಇರುವುದರಿಂದ ನೀನು ಬಲ ಹಾಕಬೇಕಾಗಿಲ್ಲ. ಪೇಟೆಯ ಆಚಾರಿ ಈಗಲೂ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಬಡಿದುಕೊಡುತ್ತಾನೆ. ಅವನ ತಂದೆಯ ಕುಲುಮೆಯನ್ನು ನೀನು ನೋಡಬೇಕಿತ್ತು. ಕಾದ ಅಲಗಿಗೆ ನೀರು ಕುಡಿಸಿ ತೆಗೆದು, ಒಂದು ಬದಿಯನ್ನು ಇಟ್ಟಿಗೆಯ ಚೂರಿನಿಂದ ತಿಕ್ಕಿ ಬೆಳಗಿಸಿ, ಮತ್ತೆ ಕೆಂಡದ ಹತ್ತಿರ ಹಿಡಿಯುತ್ತಿದ್ದರು. ತಿಕ್ಕಿದ ಜಾಗದಲ್ಲಿ ಒಣಹುಲ್ಲಿನ ಬಣ್ಣ ಹುಟ್ಟಿ, ನಿಧಾನವಾಗಿ ಕಂದಾಗಿ, ಅಂಚಿನಲ್ಲಿ ನೇರಳೆ ಇಣುಕುತ್ತಿತ್ತು. ಯಾವ ಬಣ್ಣಕ್ಕೆ ನಿಲ್ಲಿಸಿದರೆ ಹದ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹುಡುಗಿ ಇದನ್ನೆಲ್ಲ ಕೇಳಬಹುದೇ ಎಂಬ ಸಂಕೋಚ. ಅವರು ಹೋದರು.

ಹಿಡಿಯನ್ನು ನೋಡಿಕೋ. ಕತ್ತಿಯ ಬಾಲವನ್ನು, ಅಂದರೆ ಹಿಡಿಯೊಳಗೆ ಹೋಗುವ ಉಕ್ಕಿನ ಭಾಗವನ್ನು, ಮರದೊಳಗೆ ಅರಗು ಹಾಕಿ ಕೂರಿಸಿರುತ್ತಾರೆ. ಬೇಸಿಗೆಯಲ್ಲಿ ಮರ ಒಣಗಿದಾಗ ಅದು ಹಾಲುಹಲ್ಲಿನಂತೆ ಅಲುಗಾಡತೊಡಗುತ್ತದೆ. ಬೀಸಿದಾಗ ಅಲಗೇ ಹಾರಿಹೋಗಬಹುದು. ಬಾಲ ಹಿಡಿಯ ತುದಿಯಿಂದ ಆಚೆ ಬಂದು ಮಡಚಿರಬೇಕು, ಇಲ್ಲವೇ ಹಿಡಿಯಷ್ಟೇ ಅಗಲವಾಗಿ ಕೊನೆಯತನಕ ಇದ್ದು ಮೊಳೆ ಬಿದ್ದಿರಬೇಕು. ಹೊರಡುವ ಮೊದಲು ಪ್ರತಿ ಸಲ ಅಲುಗಿಸಿ ನೋಡು. ನಾನು ಈ ವಯಸ್ಸಿನಲ್ಲೂ ನೋಡುತ್ತೇನೆ.

ಮತ್ತೆ ಅದೇ ಸಾಲಿಗೆ ಬರುತ್ತಿದ್ದೇನೆ, ಬೇಸರಪಡಬೇಡ. ಪೆಟ್ಟಾದರೆ ಎಂದು ಕೇಳಿದೆಯಲ್ಲ. ಗಾಯಕ್ಕೆ ಕಾಫಿಪುಡಿ ಮೆತ್ತಬೇಡ, ಕಮ್ಯುನಿಸ್ಟ್ ಎಂಬ ಕಳೆಗಿಡದ ಸೊಪ್ಪಿನ ರಸ ಹಿಂಡಬೇಡ. ನಾವೆಲ್ಲ ಮಾಡಿದ್ದು ಅದನ್ನೇ, ಗತಿಯಿರಲಿಲ್ಲ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿ, ನಿಂತಿತೇ ಎಂದು ಎತ್ತಿ ನೋಡಬೇಡ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡು. ಒಂದು ಸೀಟಿ ಕೊರಳಲ್ಲಿರಲಿ, ಮಳೆಯಲ್ಲಿ ಅದು ದನಿಗಿಂತ ದೂರ ಕೇಳುತ್ತದೆ. ನಿನ್ನ ಅಪ್ಪನ ಬಳಿ ಸೀಟಿ ಇರಲಿಲ್ಲ. ನೆಲದ ಹತ್ತಿರದ್ದನ್ನು ಕಡಿಯುವಾಗ ಮೊಣಕಾಲೂರು, ಗುರಿ ತಪ್ಪಿದ ಬೀಸು ಮಣ್ಣಿಗೆ ಹೋಗಲಿ. ಕುಳಿತು ಚೂರಿ ಹಿಡಿದಾಗ ತೊಡೆಗಳ ನಡುವೆ ಏನನ್ನೂ ಕೊಯ್ಯಬೇಡ, ಅಲ್ಲಿ ದೊಡ್ಡ ರಕ್ತನಾಳವಿದೆ.

ಕಾನೂನಿನದೂ ಒಂದು ಮಾತು. ಅಭಯಾರಣ್ಯದೊಳಗೆ ಆಯುಧ ಒಯ್ಯಲು ಮುಖ್ಯ ವನ್ಯಜೀವಿ ಪರಿಪಾಲಕರ ಇಲ್ಲವೇ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಚಾಕುವೂ ಆಯುಧವೇ. ನೀನು ಹೋಗುವ ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ. ನಿನ್ನ ಸಮೀಕ್ಷೆಯ ಅನುಮತಿ ಪತ್ರದಲ್ಲಿ ಕತ್ತಿಗಳ ಉಲ್ಲೇಖ ಇದೆಯೇ ನೋಡು. ಇಲ್ಲದಿದ್ದರೆ ಬರೆಸು.

ಇಷ್ಟೆಲ್ಲ ಹೇಳಿಯೂ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಯಾವ ಕತ್ತಿಯೂ ಆ ಸಾಲಿಗೆ ಪೂರ್ತಿ ಉತ್ತರವಲ್ಲ. ಜೊತೆಗೆ ಊರಿನವರೊಬ್ಬರನ್ನು ಕರೆದುಕೊಂಡು ಹೋಗಲು ನಿಮ್ಮ ಸಂಸ್ಥೆಯವರು ಹಣ ಕೊಡುತ್ತಾರೆಯೇ? ಕೊಡದಿದ್ದರೆ ಅಡಿಕೆ ಮಾರಿದ ದುಡ್ಡು ನನ್ನ ಹತ್ತಿರ ಇದೆ, ಸಂಕೋಚಪಡಬೇಡ. ಮರುಪತ್ರದಲ್ಲಿ ಅದನ್ನು ಮೊದಲು ಬರೆ. ಬಲ ಅಂಗೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆದು ಕಳಿಸು, ಹಿಡಿಯ ಅಳತೆಗೆ ಆಚಾರಿ ಕೇಳುತ್ತಾನೆ.

ಇಂತಿ ನಿನ್ನ ಅತ್ತೆ,
ತೀರ್ಥಹಳ್ಳಿ